ದೊರೆಸಾನಿಯ ನಾಯಿಮರಿಗೆ ನಾನು ಹಾಕಿದ ಊಟ

ನಮ್ಮ ಮನೆಗೆ ಬಂದವರು ಯಾರೂ ಹಸಿದು ಹೋದದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಹೊಸಪೇಟೆಯಲ್ಲಿ ಯಾರನ್ನಾದರೂ ಕೇಳಿ. ಜಂಗಮರು, ಹಂಪಿ ನೋಡಲು ಬಂದು ರೈಲು ತಪ್ಪಿಸಿಕೊಂಡವರು, ನಮ್ಮ ಅಕ್ಕಿ ಗಿರಣಿಗೆ ಭತ್ತ ಹೇರಿಕೊಂಡು ಬರುವ ಗಾಡಿಯವರು, ಎಲ್ಲರೂ ನಮ್ಮ ಪಡಸಾಲೆಯಲ್ಲಿ ಕುಳಿತು ಉಂಡವರೇ. ಉಂಡವರು ಗೋಡೆ ಹಿಡಿದುಕೊಂಡು ಏಳಬೇಕು. ಇಲ್ಲದಿದ್ದರೆ ನನ್ನ ಹೆಂಡತಿ ಗೌರಮ್ಮನಿಗೆ ಸಮಾಧಾನವಿಲ್ಲ. ಇಂಥ ಮನೆಗೆ ಅಂಗೈಯಗಲದ ಒಂದು ನಾಯಿಮರಿಯನ್ನು ಸಾಕುವುದು ಯಾವ ದೊಡ್ಡ ಕೆಲಸ?

ಹಾಗೆಂದು ನಾನು ತಿಳಿದಿದ್ದೆ.

ಮರಿ ರೈಲ್ವೆ ಇಂಜಿನಿಯರ್ ದೊರೆಯ ಹೆಂಡತಿಯದು. ಹೆಸರು ಜಿಮ್ಮಿ. ಊಟಿಯಲ್ಲಿದ್ದ ಆಕೆಯ ತಂಗಿ ಕಳಿಸಿಕೊಟ್ಟಿದ್ದಳಂತೆ. ಬಿಸಿಲು ಏರತೊಡಗಿದ ಕೂಡಲೇ ದೊರೆಸಾನಿ ತಾನೇ ಊಟಿಗೆ ಹೊರಟಳು. ರೈಲಿನ ಆಯಾಸದಿಂದ ಮರಿ ಆಗತಾನೇ ಚೇತರಿಸಿಕೊಂಡಿತ್ತು, ಮತ್ತೊಂದು ಪ್ರಯಾಣ ಅದಕ್ಕೆ ಬೇಡವೆಂದು, ಬಂಗಲೆಗೆ ಅಕ್ಕಿ ಒದಗಿಸುತ್ತಿದ್ದ ನನ್ನನ್ನು ಕರೆಸಿದಳು.

"ಸಾಹುಕಾರ್, ಕೊಂಚ ಅನ್ನ, ಕೊಂಚ ಹಾಲು. ಜಾಸ್ತಿ ಬೇಡ," ಎಂದಳು, ಬಟ್ಲರನಿಂದ ಕಲಿತ ಕನ್ನಡದಲ್ಲಿ.

ನನಗೆ ಮರುಕ ಉಕ್ಕಿ ಬಂತು. ದೊರೆಗಳ ಮನೆಯ ಉಪಚಾರವನ್ನು ನಾನು ಕಾಣದವನಲ್ಲ. ತೆಳ್ಳನೆಯದೊಂದು ಬಿಸ್ಕತ್ತು, ಗುಬ್ಬಿ ಕುಡಿಯುವಷ್ಟು ಚಹಾ. ಅತಿಥಿಗೇ ಹೀಗಾದರೆ ನಾಯಿಯ ಪಾಡೇನು! ನಾನು ಎದೆಯ ಮೇಲೆ ಕೈಯಿಟ್ಟು, "ಅಮ್ಮಾರ, ನೀವು ತಿರುಗಿ ಬರೋದ್ರಾಗ ಇದನ್ನ ಕುದುರಿಯಂಗ ಬೆಳಸಿ ನಿಲ್ಲಸ್ತೀನಿ," ಎಂದು ಮಾತು ಕೊಟ್ಟೆ. ಆಕೆ ನಕ್ಕಳು. ಸಂತೋಷಕ್ಕೆ ನಕ್ಕಳೆಂದುಕೊಂಡೆ.

ಮನೆಯಲ್ಲಿ ಗೌರಮ್ಮ ಮರಿಯನ್ನು ನೋಡಿ ಸೆರಗನ್ನು ಬಾಯಿಗೆ ಹಿಡಿದಳು.

"ಅಯ್ಯ ಶಿವನ! ಏನ್ರೀ ಇದು, ಇಲಿಮರಿ ಇದ್ಹಂಗ ಐತಿ! ಹೊಟ್ಟಿಗೇನೂ ಹಾಕಿಲ್ಲೇನು ಅವರು?"

"ಅದಕ್ಕ ನಮ್ಮ ಮನಿಗೆ ಬಂದೈತಿ," ಎಂದೆ, ಗಂಭೀರವಾಗಿ.

ಆ ಹೊತ್ತಿನಿಂದಲೇ ಉಪಚಾರ ಆರಂಭವಾಯಿತು. ಎಮ್ಮೆಯ ಗಟ್ಟಿ ಹಾಲು, ಮೆತ್ತಗೆ ಬೇಯಿಸಿದ ಅನ್ನ, ಮೇಲೆ ತುಪ್ಪ. ಜಿಮ್ಮಿ ಹಾಕಿದ್ದನ್ನೆಲ್ಲ ತಿಂದಿತು. ತಿಂದು ನಮ್ಮ ಮುಖ ನೋಡಿತು. ನಾವು ಮತ್ತೆ ಹಾಕಿದೆವು. ಅದು ಮತ್ತೆ ತಿಂದಿತು. ಇಂಥ ಸಜ್ಜನ ಅತಿಥಿ ನಮ್ಮ ಪಡಸಾಲೆಯಲ್ಲಿ ಹಿಂದೆಂದೂ ಕುಳಿತಿರಲಿಲ್ಲ.

ಮಕ್ಕಳ ಎತ್ತರವನ್ನು ನಾವು ದೇವರ ಕೋಣೆಯ ಬಾಗಿಲ ಚೌಕಟ್ಟಿಗೆ ಸುಣ್ಣದ ಗೆರೆ ಎಳೆದು ಗುರುತು ಮಾಡುತ್ತೇವೆ. ಜಿಮ್ಮಿಯನ್ನೂ ಅಲ್ಲಿಯೇ ನಿಲ್ಲಿಸಿ ಬುಡದಲ್ಲೊಂದು ಗೆರೆ ಎಳೆದೆ. ಕೆಲವು ವಾರ ಬಿಟ್ಟು ಮತ್ತೆ ನಿಲ್ಲಿಸಿ ಗೆರೆ ಎಳೆದೆ. ಹೊಸ ಗೆರೆ ಹಳೆಯ ಗೆರೆಯ ಮೇಲೆಯೇ ಬಿತ್ತು! ಸುಣ್ಣ ದಪ್ಪವಾಯಿತೇ ಹೊರತು ನಾಯಿ ಬೆಳೆಯಲಿಲ್ಲ.

ನನಗೆ ನಿಜವಾಗಿಯೂ ಭಯವಾಯಿತು. ನಾಳೆ ದೊರೆಸಾನಿ ಬಂದು ಇದನ್ನು ನೋಡಿದರೆ ಏನೆಂದಾಳು? ಊರಿಗೆಲ್ಲ ಅನ್ನ ಹಾಕುವ ಮನೆಯವರು ಒಂದು ಮರಿಯ ಹೊಟ್ಟೆಗೆ ಕಡಿಮೆ ಮಾಡಿದರೆಂದು ದೊರೆಗಳ ಬಂಗಲೆಗಳಲ್ಲೆಲ್ಲ ಮಾತಾಗುವುದಿಲ್ಲವೆ? ನಮ್ಮ ತಂದೆಯವರ ಕಾಲದಿಂದ ಉಳಿಸಿಕೊಂಡು ಬಂದ ಮರ್ಯಾದೆ ಒಂದು ಗೇಣು ನಾಯಿಯಿಂದ ಹೋಗುವ ಹೊತ್ತು ಬಂದಿತ್ತು.

"ಇದಕ್ಕ ಸೊಂಟದಾಗ ಶಕ್ತಿ ಇಲ್ರೀ," ಎಂದು ಗೌರಮ್ಮ ತೀರ್ಪು ಕೊಟ್ಟಳು. "ಬಾಣಂತಿಗೆ ಕೊಟ್ಟಂಗ ಕೊಡಬೇಕು." ಅಂಟಿನುಂಡೆ ಕಟ್ಟಿದಳು. ಒಣಕೊಬ್ಬರಿ, ಬೆಲ್ಲ, ಅಂಟು, ತುಪ್ಪ. ನಮ್ಮ ಮಗಳ ಬಾಣಂತನಕ್ಕೂ ಅಷ್ಟು ತುಪ್ಪ ಸುರಿದಿರಲಿಲ್ಲ. ಜಿಮ್ಮಿ ಉಂಡೆಯನ್ನು ಎರಡೂ ಮುಂಗಾಲಲ್ಲಿ ಹಿಡಿದು ಭಕ್ತಿಯಿಂದ ನೆಕ್ಕಿತು. ಅಗಲವಾಯಿತು. ಎತ್ತರವಾಗಲಿಲ್ಲ!

ಕೊನೆಗೆ ನಾನು ಗರಡಿಮನೆಯ ಪೈಲ್ವಾನ್ ಕೊಟ್ರಪ್ಪನನ್ನು ಕರೆಸಿದೆ. ಮೈ ಬೆಳೆಸುವ ವಿಷಯದಲ್ಲಿ ನಮ್ಮ ಸೀಮೆಗೆಲ್ಲ ಅವನದೇ ಕೊನೆಯ ಮಾತು. ಕೊಟ್ರಪ್ಪ ಜಿಮ್ಮಿಯನ್ನು ಒಂದೇ ಅಂಗೈ ಮೇಲೆ ಎತ್ತಿಕೊಂಡು, ಬೆನ್ನು ಒತ್ತಿ, ತೊಡೆ ಹಿಸುಕಿ ನೋಡಿದ.

"ಎಲುಬು ಛಲೋ ಐತ್ರಿ ಸಾವ್ಕಾರ್ರ. ಖುರಾಕು ಸಾಲವಲ್ದು."

"ಸಾಲವಲ್ದು?"

"ಬದಾಮಿ ಅರದು ಹಾಲಾಗ ಹಾಕ್ರಿ. ಬೆಣ್ಣಿ ಹಾಕ್ರಿ. ಎಣ್ಣಿ ಹಚ್ಚಿ ತಿಕ್ರಿ. ಬೆಳೀದೇ ಎಲ್ಲಿಗೆ ಹೋಗ್ತೈತಿ?"

ಹಾಕಿದೆವು. ಹಚ್ಚಿದೆವು. ತಿಕ್ಕಿದೆವು. ಜಿಮ್ಮಿಯ ಹೊಟ್ಟೆ ನೆಲಕ್ಕೆ ತಾಕತೊಡಗಿತು. ಹೊಸ್ತಿಲು ದಾಟಲು ಹೋಗಿ ಅದರ ಮೇಲೆಯೇ ಕುಳಿತುಬಿಟ್ಟಿತು. ಕಾಲುಗಳು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಮರುದಿನ ಬೆಳಿಗ್ಗೆ ಮರಿ ಏಳಲಿಲ್ಲ. ಉಂಡೆ ತೋರಿಸಿದೆವು, ಮುಖ ತಿರುಗಿಸಿತು. ಅದರ ಮೂಗು ಬಿಸಿಯಾಗಿತ್ತು. ಆಗ ನನಗೆ ಮರ್ಯಾದೆ ನೆನಪಾಗಲಿಲ್ಲ, ದೊರೆಸಾನಿಯೂ ನೆನಪಾಗಲಿಲ್ಲ. ನನ್ನ ಧೋತರದ ಅಂಚು ಕಚ್ಚಿಕೊಂಡು ಗಿರಣಿಯವರೆಗೂ ಓಡಿ ಬರುತ್ತಿದ್ದ ಜೀವ ಅದು. ಅದನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಸುತ್ತಮುತ್ತಲಿನ ಎತ್ತು ಎಮ್ಮೆಗಳನ್ನೆಲ್ಲ ಬಲ್ಲವರು. ಇಂಥ ಪ್ರಾಣಿಯನ್ನು ಅವರೂ ಕಂಡಿರಲಿಲ್ಲ.

"ಏನ್ ಹಾಕೀರಿ ಇದಕ್ಕ?"

ನಾನು ಹೇಳತೊಡಗಿದೆ. ಅಂಟಿನುಂಡೆಗೆ ಬಂದಾಗ ಅವರು ಕನ್ನಡಕ ತೆಗೆದರು. ಬದಾಮಿ ಹಾಲಿಗೆ ಬಂದಾಗ ಎದ್ದು ನಿಂತರು.

"ಸಾವ್ಕಾರ್ರ, ಇದನ್ನ ಪೂಜಿ ಮಾಡಾಕತ್ತೀರೋ, ಕೊಲ್ಲಾಕತ್ತೀರೋ? ನಾಳಿ ಮಧ್ಯಾಹ್ನದ ತನಕ ನೀರು ಬಿಟ್ಟು ಏನೂ ಹಾಕಬ್ಯಾಡ್ರಿ."

ನಮ್ಮ ಮನೆಯಲ್ಲಿ ಉಪವಾಸ! ಗೌರಮ್ಮ ಅಳುವುದೊಂದು ಬಾಕಿ. "ಅದು ಹಸಕೊಂಡು ಮಲಗಿದಾಗ ನಾವು ಹೆಂಗ ಉಣ್ಣೋದ್ರಿ?" ಎಂದು ಒಲೆಯನ್ನೇ ಹಚ್ಚಲಿಲ್ಲ. ಶಿವರಾತ್ರಿಯಲ್ಲದ ದಿನ ಶಿವರಾತ್ರಿಯಾಯಿತು. ಮನೆಮಂದಿಯೆಲ್ಲ ಜಿಮ್ಮಿಯ ಸುತ್ತ ಕುಳಿತೆವು. ಮರುದಿನ ಅದು ಎದ್ದು, ಮೈ ಕೊಡವಿ, ಬಾಲ ಅಲ್ಲಾಡಿಸಿತು. ಉಪವಾಸ ಕುಳಿತಿದ್ದ ನನಗೆ ಎದ್ದು ನಿಲ್ಲಲು, ಮರಿಯನ್ನು ನೋಡಲು ಬಂದಿದ್ದ ಕೊಟ್ರಪ್ಪ ಕೈ ಕೊಡಬೇಕಾಯಿತು.

ಅದೇ ವಾರ ದೊರೆಸಾನಿ ಬಂದಳು. ನಾನು ಕಚ್ಚೆ ಬಿಗಿದು, ಪೇಟ ಸುತ್ತಿ, ಗಲ್ಲಿಗೆ ಹೋಗುವವನಂತೆ ಜಿಮ್ಮಿಯನ್ನು ಎತ್ತಿಕೊಂಡು ಬಂಗಲೆಗೆ ಹೋದೆ. ಜೊತೆಗೆ ಗೌರಮ್ಮನೂ ಬಂದಳು.

"ಅಮ್ಮಾರ, ತಪ್ಪಾತ್ರಿ. ಏನೆಲ್ಲಾ ಹಾಕಿದ್ವಿ. ಬೆಳೀಲಿಲ್ಲ," ಎಂದು ತಲೆ ತಗ್ಗಿಸಿದೆ.

ದೊರೆಸಾನಿಯ ತೊಡೆಯ ಮೇಲೆ ಊಟಿಯಿಂದ ತಂದ ಇನ್ನೊಂದು ನಾಯಿ ಮಲಗಿತ್ತು. ನಮ್ಮ ಜಿಮ್ಮಿಗಿಂತ ಒಂದು ಹಿಡಿ ಚಿಕ್ಕದು. ಗೌರಮ್ಮ ಬಗ್ಗಿ ಅದನ್ನು ನೋಡಿದಳು. "ಪಾಪ! ಇದು ಜಿಮ್ಮಿ ತಮ್ಮ ಏನ್ರೀ ಅಮ್ಮಾರ?"

"ತಮ್ಮ ಅಲ್ಲ," ಎಂದಳು ದೊರೆಸಾನಿ. "ತಾಯಿ."

ನಾನು ತಾಯಿಯನ್ನು ನೋಡಿದೆ. ಮಗನನ್ನು ನೋಡಿದೆ. ಕೈಯಲ್ಲಿದ್ದದ್ದು ಒಮ್ಮೆಲೇ ಭಾರವೆನಿಸಿತು. ಈ ಜಾತಿ ಇಷ್ಟೇ, ಆನೆಯ ಊಟ ಹಾಕಿದರೂ ಇಷ್ಟೇ ಎಂದು ಆಕೆ ತಿಳಿಸಿ ಹೇಳಿದಳು. ತಾಯಿ ಮಗನನ್ನು ಮೂಸಿ, ಗುರುತು ಸಿಗದೆ ಬೊಗಳಿತು!

ದೊರೆಗೆ ವರ್ಗವಾಗಿತ್ತು. ಜಿಮ್ಮಿಯೋ ನನ್ನ ಧೋತರವನ್ನು ಬಿಡಲೊಲ್ಲದು. ದೊರೆಸಾನಿ ನಕ್ಕು, ಅದನ್ನು ನಮಗೇ ಕೊಟ್ಟಳು. ನಾನು ಕಣ್ಣೊರೆಸಿಕೊಂಡೆ; ಸುಳ್ಳೇಕೆ ಹೇಳಲಿ. ಅಂದಿನಿಂದ ನಮ್ಮ ಮನೆಯಲ್ಲಿ ಜಿಮ್ಮಿಗೆ ಕೊಂಚ ಅನ್ನ, ಕೊಂಚ ಹಾಲು. ಮರಿ ಸಣ್ಣಗಾಗಿ, ಮಿಂಚಿನಂತೆ ಓಡಾಡತೊಡಗಿತು. ನನ್ನ ಮರ್ಯಾದೆ ಉಳಿಯಿತೆಂದು ನಾನು ನೆಮ್ಮದಿಯಾಗಿದ್ದೆ.

ಆಗ ಕಂಪ್ಲಿಯಿಂದ, ವರ್ಷವರ್ಷವೂ ನಮ್ಮ ಗಿರಣಿಯ ಅಕ್ಕಿಯನ್ನೇ ತರಿಸಿಕೊಳ್ಳುವ ಮಾವನವರು ಬಂದರು. ಪಡಸಾಲೆಯಲ್ಲಿ ಕುಳಿತು ಜಿಮ್ಮಿಯನ್ನು ನೋಡಿದರು. ಅದರ ಬಟ್ಟಲಲ್ಲಿದ್ದ ಅನ್ನವನ್ನೂ ನೋಡಿದರು.

"ಎಷ್ಟು ವರ್ಷದ್ದು ಅಳಿಯಾರ, ಈ ನಾಯಿ?"

"ಬೆಳದದ್ದೈತ್ರಿ ಮಾವ. ಅದರ ತಾಯಿ ಇನ್ನೂ ಸಣ್ಣದು."

"ಹೌದೌದು," ಎಂದರು ಮಾವನವರು, ಬಹಳ ಮೃದುವಾಗಿ. "ಗಿರಣಿ ಹೆಂಗ ನಡದೈತಿ?"

"ಛಲೋ ನಡದೈತ್ರಿ."

"ಹೌದೌದು," ಎಂದು ನನ್ನ ಬೆನ್ನು ಸವರಿದರು.

ಮುಂದಿನ ಸೋಮವಾರ ಕಂಪ್ಲಿಯಿಂದ ಒಂದು ಗಾಡಿ ಬಂದು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿತು. ತುಂಬ ಅಕ್ಕಿ ಚೀಲ. "ಯಾರಿಗೂ ಗೊತ್ತಾಗದಂಗ ಇಳಸಂತ ಹೇಳ್ಯಾರ್ರಿ ನಿಮ್ಮ ಮಾವನೋರು," ಎಂದ ಗಾಡಿಯವನು, ಇಡೀ ಓಣಿಗೆ ಕೇಳುವಂತೆ. ಓಣಿಯವರೆಲ್ಲ ಬಾಗಿಲಿಗೆ ಬಂದರು. ನಾನು ಚೀಲಗಳನ್ನು ಇಳಿಸಿಕೊಂಡೆ.

ಪ್ರತಿಯೊಂದು ಚೀಲದ ಮೇಲೂ ನನ್ನ ಗಿರಣಿಯದೇ ಗುರುತಿತ್ತು.