ಕೆರೆಗಿಳಿದ ಅಟ್ಟದ ಕಾಯಿ

ನಮ್ಮ ಸೋದರಮಾವ ಜೀವಮಾನವಿಡೀ ಸಮುದ್ರಕ್ಕೆ ಕಲ್ಲು ಹಾಕಿ ಸಂಬಳ ತೆಗೆದುಕೊಂಡವರು ಎಂದರೆ ನಂಬುತ್ತೀರಾ? ನಂಬಲೇಬೇಕು! ಬಂದರಿನಲ್ಲಿ ಅಲೆ ತಡೆಯುವ ಗೋಡೆ ಕಟ್ಟುವುದು, ದೋಣಿ ನಿಲ್ಲಿಸಲು ದಡದಿಂದ ನೀರಿನೊಳಕ್ಕೆ ಜೆಟ್ಟಿ ಚಾಚುವುದು, ಇದೇ ಅವರ ಇಂಜಿನಿಯರಿಂಗು. ಕೆರೆ ತುಂಬಿದರೇ ಹಬ್ಬ ಮಾಡುವ ನಮ್ಮ ನೊಣವಿನಕೆರೆ ಕಡೆಯವರಿಗೆ ಇದನ್ನು ತಿಳಿಸಿ ಹೇಳುವವರು ಯಾರು? ಅವರ ಹೆತ್ತ ತಾಯಿ, ಅಂದರೆ ನಮ್ಮ ಅಜ್ಜಿಗೇ ಅರ್ಥವಾಗಿರಲಿಲ್ಲ.

"ನೀರಿಗೆ ಕಲ್ ಹಾಕಕ್ಕೆ ಅಷ್ಟೆಲ್ಲ ಓದ್ಬೇಕಿತ್ತೇನಪ್ಪ?"

"ನೀನೇ ಒಂದ್ಸಲ ಬಂದು ನೋಡವ್ವ."

ನೋಡುವುದು ಹೇಗೆ? ಬಸ್ಸು ತಿಪಟೂರು ಮುಟ್ಟುವುದರೊಳಗೇ ಅಜ್ಜಿಗೆ ವಾಂತಿ. ಈಗ ಎದೆನೋವೂ ಸೇರಿಕೊಂಡು, ಡಾಕ್ಟರು ದೂರದ ಪ್ರಯಾಣ ಕೂಡದೇ ಕೂಡದು ಅಂದುಬಿಟ್ಟಿದ್ದಾರೆ. ಮಗ ಏನು ಕಟ್ಟಿದ ಎಂದು ಕಣ್ಣಾರೆ ನೋಡಿಯೇ ಸಾಯಬೇಕು ಎಂಬ ಅವಳ ಆಸೆ ಅಲ್ಲಿಗೇ ನಿಂತಿತು.

ನಿವೃತ್ತರಾಗಿ ಊರಿಗೆ ಬಂದ ಮಾವ ನಮ್ಮನ್ನು ಬೆಚ್ಚಿಬೀಳಿಸಲು ತಡಮಾಡಲಿಲ್ಲ. ಮೊದಲ ದಿನವೇ ಹಳದಿ ಹೆಲ್ಮೆಟ್ ಹಾಕಿಕೊಂಡು ತೆಂಗಿನ ತೋಟಕ್ಕೆ ಹೊರಟರು! ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಅದೇ ವಾರ ಒಂದು ಕಾಯಿ ನೇರ ಅವರ ತಲೆಯ ಮೇಲೇ ಬಿದ್ದು ಹೆಲ್ಮೆಟ್ ಬಿರುಕು ಬಿಟ್ಟಿತು. "ಸೈಟಲ್ಲಿ ಇದು ಕಡ್ಡಾಯ ಕಣ್ರೀ" ಎಂದು ಮಾವ ಮುಂದೆ ನಡೆದರು.

ಆಮೇಲೆ, ಹಿತ್ತಲಿನ ಹಳ್ಳ ದಂಡೆ ಕೊರೆಯುತ್ತಿದೆ ಎಂದು ನಾಲ್ಕು ಕಾಲಿನದೊಂದು ಕಾಂಕ್ರೀಟ್ ದಿಮ್ಮಿ ಎರಕ ಹೊಯ್ದರು. ಸಮುದ್ರದ ಅಲೆಗೇ ಜಗ್ಗದ ವಸ್ತುವಂತೆ! ಬೆಳಗಾಗೆದ್ದು ನೋಡಿದರೆ ಪಕ್ಕದ ಮನೆಯವನು ಅದಕ್ಕೆ ಎಮ್ಮೆ ಕಟ್ಟಿದ್ದಾನೆ.

"ಲೇ, ಅದು ಅಲೆ ತಡ್ಯೋದು ಕಣ್ಲಾ!"

"ನಮ್ ಎಮ್ಮೇನೇ ತಡೀತು, ಇನ್ನು ಅಲೆ ಏನ್ ಮಹಾ, ಬುಡಣ್ಣ!"

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಅಟ್ಟವೆಂದರೇನು ಗೊತ್ತೇ? ಸುಲಿಯದ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ವರ್ಷ ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನುವವರೆಗೂ ಯಾರೂ ಮುಟ್ಟುವಂತಿಲ್ಲ. ನೆನೆಯಿತೋ, ಕೆಟ್ಟಿತು. ಅಜ್ಜಿ ನಮ್ಮನ್ನು ಅಟ್ಟದ ಏಣಿಯ ಹತ್ತಿರಕ್ಕೂ ಸೇರಿಸಿದವಳಲ್ಲ.

ಒಂದು ಭಾನುವಾರ ಹೋಗಿ ನೋಡುತ್ತೇನೆ, ಅಟ್ಟ ಖಾಲಿ! ಕೆರೆಯ ಕಡೆ ಗಲಾಟೆ ಕೇಳಿ ಓಡಿದೆ. ಅಯ್ಯೋ ಶಿವನೇ! ವರ್ಷದ ಕಾಯಿಯನ್ನೆಲ್ಲ ಬಲೆಚೀಲಗಳಲ್ಲಿ ತುಂಬಿ, ನಾರಿನ ಹಗ್ಗದಲ್ಲಿ ಬಿಗಿದು, ಮೇಲೆ ಹಲಗೆ ಹಾಸಿ, ಮಾವ ಕೆರೆಯೊಳಕ್ಕೆ ತೇಲುವ ಜೆಟ್ಟಿ ಕಟ್ಟಿಬಿಟ್ಟಿದ್ದಾರೆ! ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿದೆ.

"ಮಾವ! ಕೊಬ್ಬರಿ ಕಾಯಿ ಅದು! ಹಸಿ ಕಾಯಿ ಸಿಗಲಿಲ್ವಾ?"

"ಹಸಿ ಕಾಯೊಳಗೆ ನೀರಿರ್ತದೆ, ಭಾರ ಕಣೇ. ಅಟ್ಟದ್ದು ಹಗುರ, ಚೆನ್ನಾಗಿ ತೇಲ್ತದೆ. ನಿಮ್ಮಜ್ಜಿ ಬೀಳಬಾರದಲ್ಲ!"

ಅಷ್ಟರಲ್ಲಿ ಕೋಲೂರಿಕೊಂಡು ಅಜ್ಜಿಯೇ ಬಂದಳು. ಮುಗಿಯಿತು ಮಾವನ ಕಥೆ! ಈ ಕೋಲು ಯಾರ ಬೆನ್ನಿಗೆಂದು ನಾನು ಕೇಳಬೇಕೇ? ಓಡಿಹೋಗಿ ಅಡ್ಡ ನಿಂತೆ.

"ಅಜ್ಜೀ, ಬೈಬೇಡ, ಅಟ್ಟದ ಕಾಯೆಲ್ಲ..."

"ನಂಗೊತ್ತಿಲ್ವಾ? ಒಂದೊಂದೂ ಕಿವೀಗಿಟ್ಟು ಅಲ್ಲಾಡ್ಸಿ, ನೀರ್ ಇಂಗಿರೋದೇ ಆರ್ಸಿ ಕೊಟ್ಟೋಳು ನಾನು. ದಾರಿ ಬುಡು!"

ನಾನು ಪಕ್ಕಕ್ಕೆ ಸರಿದೆ. ಅಜ್ಜಿ ಮಗನ ಕೈ ಹಿಡಿದು ಹಲಗೆಯ ಮೇಲೆ ಕಾಲಿಟ್ಟಳು. ಜೆಟ್ಟಿ ಮೆಲ್ಲಗೆ ಓಲಾಡಿತು, ಮುಳುಗಲಿಲ್ಲ. ತುದಿಯಲ್ಲಿಟ್ಟಿದ್ದ ಕುರ್ಚಿಯಲ್ಲಿ ಕೂತು ಸುತ್ತಲಿನ ನೀರನ್ನು ತುಂಬಾ ಹೊತ್ತು ನೋಡಿದಳು.

"ಸಮುದ್ರದಾಗೂ ಹಿಂಗೇ ಕಟ್ತಿದ್ದೇನಪ್ಪ?"

"ಹೂಂ ಕಣವ್ವ. ಅಲ್ಲಿ ನೀರು ಜಾಸ್ತಿ, ಅಷ್ಟೇ."

ಅಜ್ಜಿ ಕೋಲಿನಿಂದ ಹಲಗೆಯನ್ನು ಕುಟ್ಟಿ ನೋಡಿದಳು.

"ಗಟ್ಟಿಯಾಗೈತೆ. ಒಳ್ಳೆ ಕೆಲ್ಸಾನೇ ಮಾಡಿದ್ದೀಯ ಬುಡು."

ಎಂತೆಂಥ ಅಧಿಕಾರಿಗಳ ತಪಾಸಣೆಗೂ ಅಳುಕದೆ ನಿಂತವರು ನಮ್ಮ ಮಾವ. ಬಿರುಕು ಬಿಟ್ಟ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಅಜ್ಜಿಯ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತುಬಿಟ್ಟರು.