ತುರ್ಕಿ ಟೋಪಿಯ ಕಡೇ ಗಿರಾಕಿ

ದೊಡ್ಡ ದೊಡ್ಡ ರಾಜ್ಯಗಳು ನನ್ನನ್ನೊಂದು ಮಾತು ಕೇಳದೆ ಏನಾದರೂ ಮಾಡಿ, ಆಮೇಲೆ ಪೇಚಿಗೆ ಸಿಕ್ಕುವುದು ಮೊದಲಿನಿಂದಲೂ ನಡೆದೇ ಇದೆ. ಆಗ ನಾನು ಪುಣೆಯ ಲಷ್ಕರಿ ಕಚೇರಿಯಲ್ಲಿ ಕಾರಕೂನ. ಹೆಂಡತಿ ಧಾರವಾಡದಲ್ಲಿ, ಕೋಣೆಯಲ್ಲಿ ನಾನು ಮತ್ತು ನೀರಿನ ಹೂಜಿ. ಹೂಜಿಯ ಜೊತೆ ಎಷ್ಟಂತ ಕನ್ನಡ ಮಾತಾಡುವುದು? ಸಂಜೆಯಾದರೆ ವಿಜಾಪುರದಿಂದ ಬಂದು ನೆಲೆಸಿದ್ದ ಸಾಬರ ಟೋಪಿ ಅಂಗಡಿಗೆ ಓಡುತ್ತಿದ್ದೆ. ಇಡೀ ಪೇಟೆಯಲ್ಲಿ ನನಗೆ ಕನ್ನಡದಲ್ಲಿ ಉತ್ತರ ಕೊಡುವ ಬಾಯಿ ಅದೊಂದೇ.

೧

ತುರ್ಕರು ಮುಸಲ್ಮಾನರ ಹಿರಿಯ ಗುರುವಾದ ಖಲೀಫನನ್ನು ಗಾದಿಯಿಂದ ಇಳಿಸಿ ಗಡಿ ದಾಟಿಸಿದರೆಂದು ಪತ್ರಿಕೆಯಲ್ಲಿ ಬಂತು. ಸಾಬರು ಅಂಗಡಿಯ ಬಾಗಿಲು ಅರ್ಧ ಎಳೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಸಮಾಧಾನ ಹೇಳುವುದರಲ್ಲಿ ನನ್ನನ್ನು ಮೀರಿಸುವವರುಂಟೇ?

"ಸಾಬ್ರ, ಪುಣೇದ ಪೇಶ್ವೇನೂ ಹೋದ. ಊರೇನು ನಿಂತೈತೇನ್ರಿ?"

"ರಾಯರ, ಪೇಶ್ವೆ ಹೋಗಿ ನೂರು ವರ್ಷಾತು, ಈ ಊರಾಗ ಇನ್ನೂ ಅಳಾಕತ್ತಾರ. ನಮ್ಮದು ಈ ವಾರ ಹೋಗೇದ. ಒಂದ್ ತಾಸರ ಅಳಾಕ ಬಿಡ್ರಿ!"

೨

ಮುಂದೆ ತುರ್ಕಸ್ತಾನದಲ್ಲಿ ಕೆಂಪು ಟೋಪಿಯನ್ನೇ ನಿಷೇಧಿಸಿ, ಎಲ್ಲರೂ ಹ್ಯಾಟು ಹಾಕಬೇಕೆಂದು ಕಾಯಿದೆ ಬಂತು. ಇಲ್ಲಿ ಸಾಬರ ಕಪಾಟಿನ ತುಂಬ ಕುಚ್ಚಿನ ಕೆಂಪು ಟೋಪಿ! ಕೇಳುವವರಿಲ್ಲ.

ನಾನು ಭಾಷಣ ಬಿಗಿದೆ: "ಹ್ಯಾಟು ಯುರೋಪು, ಪಗಡಿ ಹಿಂದುಸ್ತಾನ, ಕೆಂಪು ಟೋಪಿ ಇಸ್ಲಾಮು. ಮೂರರಾಗ ಯಾವುದು ಗೆಲ್ತದೋ ಜಗತ್ತು ಅದರದು!"

ಸಾಬರು ಅಳತೆ ಪಟ್ಟಿ ಸುತ್ತಿಟ್ಟರು. "ಗೋರಾ, ಭಟ್ಟ, ಮೌಲ್ವಿ, ಎಲ್ಲಾರ ತಲೀನೂ ಅಳದೀನ್ರಿ. ಅಂತಾ ಫರಕಿಲ್ಲ. ನಿಮ್ಮದೊಂದ ಭಾಳ ಉಬ್ಬೇದ."

ಹೊಗಳಿಕೆಯೆಂದೇ ಇಟ್ಟುಕೊಂಡೆ.

೩

"ಇನ್ನ ಅಂಗಡಿ ಮುಚ್ಚಿ ವಿಜಾಪುರಕ್ಕ ಹೋಗಿಬಿಡ್ತೀನ್ರಿ," ಎಂದರು ಸಾಬರು ಒಂದು ದಿನ.

ನನಗೆ ಹೂಜಿ ನೆನಪಾಯಿತು. "ನನಗೊಂದು ಕೆಂಪು ಟೋಪಿ ಕೊಡ್ರಿ!" ಎಂದೆ.

ಮರುದಿನ ಪಗಡಿ ಬಿಟ್ಟು ಅದನ್ನೇ ಧರಿಸಿ ಕಚೇರಿಗೆ ಹೋದೆ. ವಿಲಾಯತಿಯಿಂದ ಆಗಷ್ಟೇ ಬಂದಿದ್ದ ದೊರೆ ಟೋಪಿ ನೋಡಿ ಗಾಬರಿಯಾದ: "ಇವತ್ತು ನಿಮ್ಮ ಈದ್! ಕೆಲಸಕ್ಕೆ ಯಾಕೆ ಬಂದೆ? ಮನೆಗೆ ಹೋಗು!" ದೊರೆಯ ಅಪ್ಪಣೆ ಮೀರಲುಂಟೇ? ಹೊರಟೆ. ಬೀದಿಗೆ ಬಂದ ಮೇಲೆ ಹೊಳೆಯಿತು, ಮನೆಯೆಂದು ಹೋಗಲು ಎಲ್ಲಿದೆ?

ಸಾಬರ ಅಂಗಡಿ ಮುಚ್ಚಿತ್ತು. ಹಿಂದಿನ ಕೋಣೆಯಲ್ಲಿ ಹೊಸ ಅಂಗಿ ತೊಟ್ಟು ಒಬ್ಬರೇ ಕೂತಿದ್ದರು. ಮುಂದೆ ಒಂದು ಪಾತ್ರೆ ಶಾವಿಗೆ ಖೀರು. ನನ್ನ ತಲೆ ನೋಡಿ ಕಣ್ಣೀರು ಬರುವಷ್ಟು ನಕ್ಕರು. ಇಬ್ಬರೂ ಪಾತ್ರೆ ಖಾಲಿ ಮಾಡಿದೆವು. (ಧಾರವಾಡದಲ್ಲಿ ನಮ್ಮ ಅವ್ವನಿಗೆ ಹೇಳಬೇಡಿ.)

"ವಿಜಾಪುರಕ್ಕ ಯಾವಾಗ್ರಿ?" ಎಂದೆ ಮೆಲ್ಲಗೆ.

ಸಾಬರು ನನ್ನ ಹಣೆಯ ಮೇಲೆ ಇಳಿಬಿದ್ದಿದ್ದ ಟೋಪಿಯ ಕುಚ್ಚನ್ನು ಹಿಂದಕ್ಕೆ ಸರಿಸಿದರು. "ಹೆಂಗ ಹೋಗ್ಲಿ? ತುರ್ಕರು ಬಿಟ್ಟ ಟೋಪಿ ಒಬ್ಬ ಧಾರವಾಡದ ಭಟ್ಟನ ತಲೀ ಮ್ಯಾಲ ಉಳದೈತಿ. ಅದೂ ಹಿಂದು ಮುಂದಾಗಿ ಹಾಕ್ಕೊಂಡಾನ!"