ತೊಟ್ಟಿಗೊಂದು ಸಿಹಿಯೂಟ

ಮಲ್ಲಂದೂರಿನ ಓಂಕಾರಮೂರ್ತಿಯವರು ತಮ್ಮ ಮನೆಯ ಕೊಳಚೆಯನ್ನು ಗಂಗಾಜಲ ಮಾಡಿಯೇ ತೀರುವುದಾಗಿ ಶಪಥ ತೊಟ್ಟಿದ್ದರು! ಬಚ್ಚಲು, ಪಾಯಿಖಾನೆ, ಅಡುಗೆಮನೆ ಎಲ್ಲದರ ನೀರೂ ಹಿತ್ತಿಲಿನ ಮುಚ್ಚಿದ ತೊಟ್ಟಿಗೆ ಹೋಗಬೇಕು, ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೊಳೆಯನ್ನೆಲ್ಲ ತಿಂದು ತೇಗಬೇಕು, ಮಿಕ್ಕ ನೀರು ಜಲ್ಲಿ, ಮರಳು ದಾಟಿ ಬಾಳೆಗಿಡಕ್ಕೆ ಹರಿಯಬೇಕು. ಮಳೆಗಾಲವಿಡೀ ಅದು ಹಾಗೆಯೇ ನಡೆಯಿತು ಕೂಡ. ಸುದ್ದಿ ಕೇಳಿದ ಬೆಳೆಗಾರರ ಸಂಘದ ಅಧ್ಯಕ್ಷ ಚನ್ನಕೇಶವ ಅವರು, "ಭಾನುವಾರ ಬಂದು ನೋಡ್ತೀನಿ. ಸರಿ ಇದ್ರೆ ವಾರ್ಷಿಕ ಸಭೇಲಿ ನಿಮ್ದೇ ಭಾಷಣ" ಎಂದರು. ಆ ಸಭೆಯಲ್ಲಿ ಚಪ್ಪಾಳೆ ತಟ್ಟಿ, ಉಂಡು ಬರುವುದಷ್ಟೇ ಗೊತ್ತಿದ್ದ ಓಂಕಾರಮೂರ್ತಿಯವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಭ್ರಮಕ್ಕೆ ಕೋಡು ಮೂಡಿತು. ಕಾಫಿ ಕೊಯ್ಲಿನ ಕಾಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಅಂಟಂಟು ಸಿಹಿನೀರು ಧಾರಾಳವಾಗಿ ಹರಿಯುತ್ತಿತ್ತು. ಅದಕ್ಕೆಂದೇ ತೋಟದ ಮೂಲೆಯಲ್ಲಿ ಬೇರೆ ಗುಂಡಿಯೂ ಇತ್ತು.

"ಅದನ್ನೂ ನಮ್ಮ ತೊಟ್ಟಿಗೇ ತಿರುಗಿಸಿದ್ರೆ ಅಧ್ಯಕ್ಷರು ಬೆರಗಾಗಿ ಹೋಗ್ತಾರೆ!"

"ಬೇಡ ಕಣ್ರೀ," ಎಂದರು ಹೆಂಡತಿ ಸರ್ವಮಂಗಳಾ. "ಆ ನೀರು ಹುಳಿ ಬರತ್ತೆ. ಹಳ್ಳಕ್ಕೆ ಬಿಟ್ರೆ ಮೀನೇ ಸಾಯ್ತವೆ."

"ಸುಮ್ನಿರೇ ಮಾರಾಯ್ತಿ! ಪಾಪ, ಆ ಜೀವಿಗಳಿಗೆ ದಿನಾ ಅದೇ ಊಟ. ಹಬ್ಬ ಅಂತ ಸ್ವಲ್ಪ ಸಿಹಿ ತಿನ್ಲಿ!"

ಪೈಪು ತಿರುಗಿಯೇಬಿಟ್ಟಿತು.

ಭಾನುವಾರ ಚನ್ನಕೇಶವ ಅವರು ಬಿಳಿ ಪಂಚೆಯುಟ್ಟು ಬಂದರು. ಕಡುಬು ತಿಂದರು, ಕಾಫಿ ಕುಡಿದರು, ಆಮೇಲೆ ಮೆಲ್ಲಗೆ ಬಾತ್‌ರೂಮ್ ಎಲ್ಲಿ ಎಂದು ಕೇಳಿದರು.

"ಹೋಗಿ ಬನ್ನಿ ಸರ್, ನಮ್ಮ ಯೋಜನೆ ಶುರುವಾಗೋದೇ ಅಲ್ಲಿಂದ!"

ಬಾಗಿಲು ಮುಚ್ಚಿತು. ಒಳಗಿನಿಂದ ಮೊದಲು ಗುಳುಗುಳು, ಆಮೇಲೆ ಬುಳುಕ್!

"ಓಂಕಾರಮೂರ್ತಿಯವ್ರೇ! ನಾನಿನ್ನೂ ಕೂತೇ ಇಲ್ಲ ಮಾರಾಯ್ರೆ, ಆಗ್ಲೇ ಎಲ್ಲ ಮೇಲೆ ಬರ್ತಿದೆ!"

ಅಧ್ಯಕ್ಷರು ಪಂಚೆ ಎತ್ತಿಕೊಂಡು ಹೊರಗೆ ಓಡಿದರು. ಅವರ ಹಿಂದೆಯೇ ನೊರೆ ಹೊಸಿಲು ದಾಟಿತು.

"ಏನಿಲ್ಲ ಸರ್, ಸ್ವಲ್ಪ ಗಾಳಿ ಕಟ್ಟಿದೆ!" ಎನ್ನುತ್ತ ಓಂಕಾರಮೂರ್ತಿಯವರು ಹಿತ್ತಿಲಿಗೆ ನುಗ್ಗಿ ತೊಟ್ಟಿಯ ಮುಚ್ಚಳ ಎತ್ತಿದರು. ಸಿಹಿ ಉಂಡ ಸೂಕ್ಷ್ಮಜೀವಿಗಳು ಆ ಹುಳಿಗೆ ಎಂದೋ ಶಿವನ ಪಾದ ಸೇರಿದ್ದವು. ಒಳಗೆ ಹುದುಗಿ ಉಬ್ಬಿದ್ದ ನೊರೆಯೆಲ್ಲ ಭುಸ್ಸೆಂದು ಹಾರಿ, ಅವರಿಗೆ ತಲೆಯಿಂದ ಕಾಲಿನವರೆಗೆ ಅಭಿಷೇಕವಾಯಿತು! ಆ ವಾಸನೆಯನ್ನು ಬಣ್ಣಿಸಲು ಹೊರಟರೆ ನೀವು ಮಧ್ಯಾಹ್ನದ ಊಟ ಬಿಡುತ್ತೀರಿ.

ಚನ್ನಕೇಶವ ಅವರು ಕಾರು ಹತ್ತಿ, ಗಾಜನ್ನು ಬೆರಳಗಲ ಇಳಿಸಿದರು.

"ಭಾಷಣ ನಿಮ್ದೇ. ಏನು ಮಾಡಬಾರ್ದು ಅಂತ ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೂ ಹೇಳಕ್ಕಾಗಲ್ಲ!"

ಕಾರು ಹೋದ ಮೇಲೂ ಓಂಕಾರಮೂರ್ತಿಯವರ ಎದೆ ಕುಗ್ಗಲಿಲ್ಲ. "ನೋಡಿದ್ಯೇನೇ? ಅಂತೂ ಭಾಷಣ ಸಿಕ್ತು!"

"ಸಿಕ್ತು. ನೀವು ಮಾತ್ರ ಒಳಗೆ ಕಾಲಿಡಬೇಡಿ!"

ಸರ್ವಮಂಗಳಾ ಮೂಗಿಗೆ ಸೆರಗು ಒತ್ತಿಕೊಂಡು, ಗಂಡನನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ ಪೈಪಿನಿಂದ ನೀರು ಬಿಟ್ಟರು. ಹುಟ್ಟಿದಾಗಿನಿಂದ ಸಗಣಿಯಲ್ಲೇ ಮಲಗಿ ಬೆಳೆದಿದ್ದ ಎಮ್ಮೆ ಒಮ್ಮೆ ಅವರನ್ನು ಮೂಸಿ ನೋಡಿತು. ಆಮೇಲೆ ಹಗ್ಗ ಕಿತ್ತುಕೊಂಡು ತೋಟದ ಕಡೆ ಓಡಿಹೋಯಿತು!